ಸಾಲು ಮುರಿದ ಸರ್ವೆ ತೋಪು

ಕಾವಲುಪಾಳ್ಯ,
ದೊಡ್ಡಬಳ್ಳಾಪುರ ತಾಲ್ಲೂಕು
೮-೨-೧೯೭೨

ಯಜಮಾನರಿಗೆ ಮುನಿರತ್ನ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ನಿಮ್ಮ ಅವ್ವನ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಿನ್ನೆಯೂ "ನನ್ ಮಗ ಆ ಆನೆ ಕಾಡಲ್ಲಿ ಏನ್ ತಿಂತಾನೋ, ಏನ್ ಬಿಡ್ತಾನೋ" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ನಾನೇ ನಿಮ್ಮನ್ನು ಕಾಕನಕೋಟೆಗೆ ಓಡಿಸಿದೆನೇನೋ ಅನ್ನುವ ಹಾಗೆ. ವರ್ಗ ಬೇಕೆಂದು ಕೇಳಿಕೊಂಡು ಹೋದವನು ನಿಮ್ಮ ಮಗನೇ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಈಗ ಊರಿನ ಸುದ್ದಿ ಕೇಳಿ. ನಮ್ಮ ಸರ್ವೆ ತೋಪನ್ನು ಈ ಸಲ ಕಡಿಯುವುದಿಲ್ಲವಂತೆ. ಬೆಂಗಳೂರಿಗೆ ಸೌದೆ ಕಳಿಸಿದ್ದು ಸಾಕು, ಇನ್ನು ಮೇಲೆ ಜನ ಬಂದು ತಿರುಗಾಡುವ ಅರಣ್ಯ ಉದ್ಯಾನ ಮಾಡೋಣ ಎಂದು ಮೇಲಿನವರು ತೀರ್ಮಾನ ಮಾಡಿದ್ದಾರೆ. ಮೇಸ್ತ್ರಿ ಪಿಳ್ಳಣ್ಣನನ್ನು ಹಿಡಿಯುವವರೇ ಇಲ್ಲ. "ಉಯ್ಯಾಲೆ ಹಾಕ್ತಾರೆ ಕಣಮ್ಮ, ಸಿಮೆಂಟ್ ಜಿಂಕೆ ನಿಲ್ಲಿಸ್ತಾರೆ, ಭಾನುವಾರಕ್ಕೆ ಬೆಂಗಳೂರಿಂದ ಬಸ್ಸೇ ಬರ್ತದೆ" ಎಂದು ಬಾವಿಕಟ್ಟೆಯ ಹತ್ತಿರ ನಿಂತು ಹೆಂಗಸರಿಗೆಲ್ಲ ಹೇಳುತ್ತಿದ್ದ. ಸಿಟಿಯವರು ದುಡ್ಡು ಖರ್ಚು ಮಾಡಿಕೊಂಡು ಬಂದು ನಮ್ಮ ಸೌದೆ ನೋಡುತ್ತಾರಾ ಎಂದು ನಾನೂ ನಗಾಡಿದೆ. ಆಗಲೇ ತೋಪಿನೊಳಗೆ ಸುಣ್ಣದ ಗೆರೆ ಹಾಕಿದ್ದಾರೆ, ದಾರಿ ಎಲ್ಲಿ, ಕಂಬ ಎಲ್ಲಿ ಅಂತ.

ನಗುತ್ತಾ ಮನೆಗೆ ಬಂದೆ. ಮುದ್ದೆಗೆ ಇಟ್ಟ ಎಸರನ್ನು ಇಳಿಸಿ ಈ ಕಾಗದ ಬರೆಯಲು ಕೂತೆ.

ಮುತ್ತು ಅಲ್ಲೇ ಇದ್ದಾಳಲ್ಲ. ನಮ್ಮ ಮಗಳು ಆ ತೋಪಿನಲ್ಲೇ ಇದ್ದಾಳೆ. ಎಲ್ಲಿ ಅನ್ನುವುದು ನನಗೆ ಗೊತ್ತಿಲ್ಲ. ಅವಳನ್ನು ಹೊತ್ತುಕೊಂಡು ಹೋದವರು ನೀವು, ಜೊತೆಗೆ ಹೋದವರು ನಿಮ್ಮ ಅಪ್ಪ. ಮಾವನವರು ಈಗಿಲ್ಲ. ಉಳಿದವರು ನೀವೊಬ್ಬರೇ. ಒಂಬತ್ತು ವರ್ಷ ನಾನು ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಅವಳನ್ನು ಎಲ್ಲಿ ಮಲಗಿಸಿದಿರಿ? ಯಾವ ಕಡೆ, ಯಾವ ಸಾಲು? ಗುದ್ದಲಿ ಬೀಳುವ ಮೊದಲೇ ಅಲ್ಲಿ ಹೋಗಿ ನಿಂತು ಈ ಜಾಗ ಒಂದು ಬಿಡ್ರಪ್ಪ ಎಂದು ಕೈಮುಗಿದು ಕೇಳುತ್ತೇನೆ. ಈ ಕಾಗದ ಕಂಡ ಕೂಡಲೇ ಬರೆಯಿರಿ.

ಇಂತಿ,
ಮುನಿರತ್ನಮ್ಮ


ಕಾಕನಕೋಟೆ
೨-೩-೧೯೭೨

ಚಿ. ಸೌ. ರತ್ನಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಹೋದ ವಾರ ಆನೆಗಳು ಬಂದು ನಮ್ಮ ಗುಡಿಸಲಿನ ಹಿಂದಿದ್ದ ಬಾಳೆಯನ್ನೆಲ್ಲ ತುಳಿದು ಹೋದವು. ಗೋಪಾಲಪ್ಪ ಎಂಬ ಗಾರ್ಡು ನನ್ನ ಜೊತೆಗಿದ್ದಾನೆ, ಕೋಲಾರದ ಕಡೆಯವನು, ಸಾರು ಚೆನ್ನಾಗಿ ಮಾಡುತ್ತಾನೆ. ಊಟಕ್ಕೆ ಕೊರತೆಯಿಲ್ಲ ಎಂದು ಅವ್ವನಿಗೆ ಹೇಳು. ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು.

ನೀನು ಕೇಳಿದ ವಿಷಯ. ಬೇಡ ರತ್ನ. ಮಗುವನ್ನು ಮಣ್ಣು ಮಾಡಿದ ಜಾಗ ಹೆತ್ತವಳಿಗೆ ತೋರಿಸಬಾರದು ಎಂಬುದು ನಮ್ಮಲ್ಲಿ ಮೊದಲಿನಿಂದ ನಡೆದುಕೊಂಡು ಬಂದದ್ದು. ತಾಯಿ ಹೋಗಿ ಹೋಗಿ ಅಲ್ಲಿ ಕೂತರೆ ಮಗು ಅಲ್ಲೇ ನಿಂತುಬಿಡುತ್ತದೆ, ತಿರುಗಿ ಅವಳ ಮಡಿಲಿಗೆ ಬರುವುದಿಲ್ಲ. ಅಪ್ಪ ಆ ದಿನ ನನ್ನ ಕೈಹಿಡಿದು ಈ ಮಾತು ಹೇಳಿದರು. ಅವರಿಗೆ ಮಾತು ಕೊಟ್ಟಿದ್ದೇನೆ.

ಉದ್ಯಾನ ಮಾಡುವವರು ಅಷ್ಟು ಆಳ ಅಗೆಯುವುದಿಲ್ಲ. ನೀನು ಹೆದರಬೇಡ. ಸದ್ಯಕ್ಕೆ ರಜೆ ಸಿಗುವ ಹಾಗಿಲ್ಲ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಕಾಲ.

ಇಂತಿ ಆಶೀರ್ವಾದಗಳು,
ರಾಮಾಂಜಿನಪ್ಪ


ಕಾವಲುಪಾಳ್ಯ
೨೬-೩-೧೯೭೨

ಯಜಮಾನರಿಗೆ ನಮಸ್ಕಾರ.

ನಿಮ್ಮ ಆನೆ, ನಿಮ್ಮ ಬಾಳೆ, ನಿಮ್ಮ ಗೋಪಾಲಪ್ಪನ ಸಾರು ಎಲ್ಲ ಓದಿದೆ. ಬಹಳ ಸಂತೋಷ.

ತಿರುಗಿ ಮಡಿಲಿಗೆ ಬರುತ್ತದೆ ಅಂದಿರಲ್ಲ, ಬಂತೇನ್ರೀ? ವರ್ಷಕ್ಕೊಂದು ಸಲ ನೆಂಟರ ಹಾಗೆ ಬಂದು ಹೋಗುವ ಗಂಡ, ಇನ್ನೊಂದು ಮಗು ಎಲ್ಲಿಂದ ಬರಬೇಕು? ಬಾರದ ಮಗುವಿಗಾಗಿ ಇದ್ದ ಮಗುವನ್ನು ನನ್ನಿಂದ ಬಚ್ಚಿಟ್ಟುಕೊಂಡು ಕೂತಿದ್ದೀರಿ. ಇದು ಯಾವ ನ್ಯಾಯ? ನನಗೆ ಇನ್ನೊಂದು ಮಗು ಬೇಡ. ಅವಳೇ ಬೇಕು, ಅವಳಿರುವ ಮಣ್ಣಾದರೂ ಬೇಕು.

ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಅವಳಿಗೆ ಅಮ್ಮ ಎದ್ದ ಎರಡು ದಿನಕ್ಕೆ ನನಗೂ ಮೈತುಂಬ ಅಮ್ಮ ಎದ್ದಿತ್ತು. ಬೇವಿನ ಸೊಪ್ಪಿನ ಮೇಲೆ ಬಾಳೆ ಎಲೆ, ಅದರ ಮೇಲೆ ನಾನು. ಕಣ್ಣು ರೆಪ್ಪೆ ಅಂಟಿಕೊಂಡು ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೈ ಆಡಿಸಿದರೆ ಮಗು ಇಲ್ಲ. ಎಲ್ಲಿ ಅಂದರೆ "ನಲ್ಲೂರಿಗೆ, ಅಜ್ಜಿ ಮನೆಗೆ ಕಳಿಸಿದೀವಿ, ಸುಮ್ನೆ ಮಲಕ್ಕೋ" ಅಂದಿರಿ. ನಾನು ನಂಬಿ ಮಲಗಿದೆ. ಅವಳಿಗೆ ಅಲ್ಲಿ ಹುಣಸೆ ಮರದ ಕೆಳಗೆ ಆಡಿಕೊಳ್ಳಲು ಚೆನ್ನಾಗಿರುತ್ತದೆ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಗುಳ್ಳೆ ಒಣಗಿ ನನ್ನ ತಲೆಗೆ ನೀರು ಹಾಕಿದ ದಿನ ನಿಜ ಹೇಳಿದಿರಿ. ಗಂಟಲು ಬಿಟ್ಟು ಅಳುವಷ್ಟರಲ್ಲಿ ಅತ್ತೆ ಬಂದು ಬಾಯಿ ಮುಚ್ಚಿದರು. "ಅಮ್ಮ ಇನ್ನೂ ಮನೇಲೇ ಅವ್ಳೆ, ಅಳಬ್ಯಾಡ ಕಣೇ, ಮುನಿಸ್ಕೊಂಡ್ರೆ ನಿನ್ನೂ ಕರ್ಕೊಂಡು ಹೋಯ್ತಾಳೆ" ಅಂದರು. ಕರೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು.

ಪಿಳ್ಳಣ್ಣನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ಅಮ್ಮ ಬಂದ ಮನೆಯ ಹತ್ತಿರಕ್ಕೆ ಆಗ ಊರಿನವರು ಯಾರೂ ಸುಳಿದಿರಲಿಲ್ಲ ಎಂದ.

ತೋಪಿನಲ್ಲಿ ಈಗ ಏನು ಮಾಡುತ್ತಿದ್ದಾರೆ ಗೊತ್ತೇ? ಹಗ್ಗ ಹಿಡಿದು ಸಾಲಾಗಿ ನೆಟ್ಟ ಮರಗಳಲ್ಲವೇ? ಹೊಸ ರೇಂಜರ್ ಬಂದು ನೋಡಿ "ಇದೇನ್ರೀ ಪೊಲೀಸ್ ಪೆರೇಡ್ ಥರ ಇದೆ? ಸಾಲು ಕಾಣ್ಬಾರ್ದು, ಕಾಡು ಥರ ಕಾಣ್ಬೇಕು" ಅಂದರಂತೆ. ಅದಕ್ಕೇ ಇಲ್ಲೊಂದು ಅಲ್ಲೆರಡು ಮರ ಕಡಿದು, ಬುಡ ಕಿತ್ತು, ಮಣ್ಣು ಮುಚ್ಚಿ, ನಡುವೆ ಬೇರೆ ಗಿಡ ನೆಡುತ್ತಿದ್ದಾರೆ. ಯಾರೂ ನೆಟ್ಟಿದ್ದಲ್ಲ, ತಾನಾಗೇ ಬೆಳೆದದ್ದು ಅನ್ನಿಸಬೇಕಂತೆ. ರಸ್ತೆ ಕಡೆಯ ಅರ್ಧ ತೋಪಿನಲ್ಲಿ ಆಗಲೇ ಸಾಲು ಅಳಿಸಿಹೋಗಿದೆ. ನೀವು ಸಾಲಿನ ಮೇಲೆ ಗುರುತು ಇಟ್ಟುಕೊಂಡಿದ್ದರೆ, ಆ ಸಾಲೇ ಹೋದ ಮೇಲೆ ನೀವೇ ಬಂದರೂ ಗುರುತು ಹತ್ತುವುದಿಲ್ಲ. ನಿಮ್ಮ ದಮ್ಮಯ್ಯ ಅನ್ನುತ್ತೇನೆ. ರಸ್ತೆ ಕಡೆಯೋ, ಕೆರೆ ಕಡೆಯೋ, ಅಷ್ಟಾದರೂ ಬರೆಯಿರಿ.

ಮುನಿರತ್ನಮ್ಮ


ಕಾಕನಕೋಟೆ
೨೦-೪-೧೯೭೨

ರತ್ನಳಿಗೆ,

ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಗಸ್ತಿಗೆ ಹೋಗಲಿಲ್ಲ. ಜ್ವರ ಎಂದು ಗೋಪಾಲಪ್ಪನ ಹತ್ತಿರ ಸುಳ್ಳು ಹೇಳಿದೆ. ಹೇಳಬೇಕಾದ್ದನ್ನು ಹೇಳುತ್ತೇನೆ, ಗಟ್ಟಿಮನಸ್ಸು ಮಾಡಿಕೊಂಡು ಓದು.

ಕೆರೆ ಕಡೆ. ಆ ಬೇಸಿಗೆಯಲ್ಲಿ ಸಸಿ ನೆಡಲು ಅಲ್ಲೆಲ್ಲ ಗುಂಡಿ ತೋಡಿ, ಮಳೆ ಬೀಳಲಿ ಎಂದು ಬಿಟ್ಟಿದ್ದೆವು. ಅಗೆಯಲು ಯಾರೂ ಕೈಜೋಡಿಸಲು ಬರಲಿಲ್ಲ. ಅಪ್ಪನ ಕೈಯಲ್ಲಿ ಆಗಲೇ ಶಕ್ತಿ ಇರಲಿಲ್ಲ. ಆ ಗುಂಡಿಗಳಲ್ಲೇ ಒಂದನ್ನು ನಾನು ಇನ್ನಷ್ಟು ಆಳ ಮಾಡಿದೆ. ಅವಳನ್ನು ಅದರಲ್ಲಿ ಮಲಗಿಸಿದೆವು. ಮಳೆ ಬಿದ್ದ ಮೇಲೆ ಕೂಲಿಯವರು ಎಲ್ಲ ಗುಂಡಿಗೂ ಸರ್ವೆ ಸಸಿ ಇಡುತ್ತಾ ಬಂದರು. ಆ ಒಂದು ಗುಂಡಿಗೆ ಮಾತ್ರ ನಾನೇ ಮುಂಚೆ ಹೋಗಿ ಒಂದು ಬೇವಿನ ಸಸಿ ನೆಟ್ಟೆ. ಮೈಯೆಲ್ಲ ಉರಿ ಉರಿ ಅನ್ನುತ್ತಿದ್ದಳಲ್ಲ, ಬೇವಾದರೆ ತಂಪು ಎಂದು. ಸಾಲು ಎಣಿಸಿ ಇಟ್ಟುಕೊಳ್ಳಬೇಕು ಎಂದು ನನಗೆ ತೋಚಲೇ ಇಲ್ಲ. ಅಷ್ಟೊಂದು ಸರ್ವೆಯ ನಡುವೆ ಒಂದು ಬೇವು ಇದ್ದರೆ ಕುರುಡನಿಗೂ ಕಾಣುತ್ತದೆ ಎಂದುಕೊಂಡೆ.

ಆ ಬೇವು ಈಗಿಲ್ಲ. ಹೋಗಿ ಬಹಳ ವರ್ಷವಾಯಿತು. ಅದು ಹೋದ ಮೇಲೆ ನನಗೂ ಜಾಗ ಸಿಗಲಿಲ್ಲ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ, ನೀನು ಹುಡುಕಲೂಬೇಡ.

ರಾಮಾಂಜಿನಪ್ಪ


ಕಾವಲುಪಾಳ್ಯ
೧-೫-೧೯೭೨

ಯಜಮಾನರ ಪಾದಗಳಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಬೇವು ನೆಟ್ಟಿರಾ? ಇದನ್ನು ಮೊದಲೇ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಮಾರಾಯರೇ? ನೀವು ಅವಳನ್ನು ಯಾವುದೋ ಮೂಲೆಗೆ ಹಾಕಿ ಕೈತೊಳೆದುಕೊಂಡು ಬಂದಿರಿ ಎಂದು ಇಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದೆ. ನನ್ನ ಬಾಯಿಗೆ ಬೆಂಕಿ ಹಾಕ. ಅವಳಿಗೆ ತಂಪಾಗಲಿ ಎಂದು ಗಿಡ ನೆಟ್ಟವರನ್ನು ಬೈದೆನಲ್ಲ.

ಈಗ ನನ್ನ ಮಾತು ಕೇಳಿ. ಬೇವು ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಮೇಲೆ ಮುರಿದರೂ ಬೇರಿನಿಂದ ಚಿಗುರುತ್ತದೆ. ಕೆರೆ ಕಡೆ ಇನ್ನೂ ಸಾಲು ಮುರಿದಿಲ್ಲ. ಮೂರು ದಿನದಿಂದ ಕುಡುಗೋಲು ಹಿಡಿದುಕೊಂಡು ಬುಡ ಬುಡ ಕೆದಕಿ ನೋಡುತ್ತಿದ್ದೇನೆ. ಇಷ್ಟು ವರ್ಷವಾದ ಮೇಲೆ ಹೊಟ್ಟೆ ತುಂಬ ಉಂಡೆ, ನಿಮ್ಮಾಣೆ.

ಯಾರು ಕಿತ್ತರು ಅನ್ನುವುದೂ ಹೆಚ್ಚುಕಡಿಮೆ ಹೊಳೆದಿದೆ. ಸಸಿ ನೆಟ್ಟ ಮಾರನೆಯ ವರ್ಷ ಕಳೆ ಕೀಳಲು ನಮ್ಮೂರ ಹೆಂಗಸರನ್ನೇ ಕರೆದಿದ್ದರಲ್ಲ, ನಾನೂ ಹೋಗಿದ್ದೆ, ಭಾಗ್ಯಮ್ಮ, ಮುನಿವೆಂಕಟಮ್ಮ ಎಲ್ಲ ಇದ್ದರು. "ಸರ್ವೆ ಬಿಟ್ಟು ಬೇರೆ ಏನ್ ಹಸ್ರು ಕಂಡ್ರೂ ಕಿತ್ತಾಕ್ರಮ್ಮಾ" ಎಂದು ಪಿಳ್ಳಣ್ಣ ಬೆನ್ನ ಹಿಂದೆ ನಿಂತು ಕೂಗುತ್ತಿದ್ದ. ಇದು ಮುನಿವೆಂಕಟಮ್ಮನದೇ ಕೆಲಸ. ಅವಳ ಕೈ ನಿಮಗೆ ಗೊತ್ತಲ್ಲ, ಕಳೆ ಕೀಳು ಅಂದರೆ ಬೆಳೆಯನ್ನೂ ಕೀಳುವವಳು. ಸಂಜೆ ಅವಳ ಮನೆಗೆ ಹೋಗಿ ಕೇಳುತ್ತೇನೆ. ಬೈಯುವುದಿಲ್ಲ, ಪಾಪ ಅವಳಿಗೇನು ಗೊತ್ತು? ಕೈಹಿಡಿದುಕೊಂಡು ಬಂದು ಜಾಗ ತೋರಿಸು ಅನ್ನುತ್ತೇನೆ. ಸಿಕ್ಕ ಕೂಡಲೇ ಬರೆಯುತ್ತೇನೆ. ನೀವು ಹೇಗಾದರೂ ಮಾಡಿ ರಜೆ ಹಾಕಿ ಬನ್ನಿ.

ಇಂತಿ ನಿಮ್ಮ,
ಮುನಿರತ್ನ


ಕಾಕನಕೋಟೆ
೮-೫-೧೯೭೨

ರತ್ನ,

ಗಡಿಬಿಡಿಯಲ್ಲಿ ಈ ಕಾರ್ಡು ಬರೆಯುತ್ತಿದ್ದೇನೆ. ಮುನಿವೆಂಕಟಮ್ಮನನ್ನು ಏನೂ ಕೇಳಬೇಡ. ಹೆಂಗಸರು ಯಾರೂ ಕಿತ್ತಿಲ್ಲ. ಆಡು ಮೇಯ್ದಿರಬೇಕು. ಆ ವರ್ಷ ತೋಪಿನೊಳಗೆ ಆಡು ನುಗ್ಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆಡೇ ಮೇಯ್ದದ್ದು. ಇಲ್ಲಿಗೆ ಬಿಟ್ಟುಬಿಡು. ಕಾಗದ ಬರೆ.

ರಾಮಾಂಜಿನಪ್ಪ


ಕಾಕನಕೋಟೆ
೩೦-೭-೧೯೭೨

ರತ್ನ,

ಮೂರು ಕಾಗದ ಹಾಕಿದೆ, ಒಂದಕ್ಕೂ ನಿನ್ನಿಂದ ಉತ್ತರವಿಲ್ಲ. ಕೊನೆಗೆ ಪಿಳ್ಳಣ್ಣನಿಗೆ ಬರೆದೆ. ನೀನು ಯಾರ ಹತ್ತಿರವೂ ಮಾತಾಡುತ್ತಿಲ್ಲ, ತೋಪಿನ ಕಡೆಗೂ ಹೋಗುತ್ತಿಲ್ಲ ಎಂದು ಅವನು ತಿಳಿಸಿದ. ಅಂದರೆ ನಿನಗೆ ಗೊತ್ತಾಗಿದೆ. ಇನ್ನು ಆಡಿನ ಮೇಲೆ ಹಾಕಿ ಪ್ರಯೋಜನವಿಲ್ಲ.

ಆ ದಿನ ಸಂಜೆ ನೀನು ಕಳೆ ಕಿತ್ತು ಮನೆಗೆ ಬಂದಾಗ ನಾನು ಉಣ್ಣುತ್ತಾ ಕೂತಿದ್ದೆ. ನಿನ್ನ ಸೆರಗಿನಲ್ಲಿ ಬೇವಿನ ಚಿಗುರು ಇತ್ತು, ಅವ್ವನ ಕಷಾಯಕ್ಕೆ. "ತೋಪಲ್ಲಿ ಒಂದು ಬೇವು ಏನ್ ಸೊಂಪಾಗಿ ಬಂದಿತ್ತೂರೀ, ಬೇರು ಎಷ್ಟು ಗಟ್ಟಿ ಅಂತೀರಾ, ಕೀಳೋಷ್ಟರಲ್ಲಿ ಕೈಯೆಲ್ಲ ಬೊಬ್ಬೆ" ಎಂದು ಅಂಗೈ ತೋರಿಸಿದೆ. ನಾನು ತಟ್ಟೆ ಬಿಟ್ಟು ಎದ್ದೆ. ಅಡುಗೆಗೆ ಹೆಸರಿಡುತ್ತೀರಾ ಎಂದು ನೀನು ಮುನಿಸಿಕೊಂಡೆ. ಓಡಿಹೋಗಿ ನೋಡಿದರೆ ಎಲ್ಲ ಸಾಲಿನಲ್ಲೂ ಬುಡ ಸಡಿಲಿಸಿ ಮಣ್ಣು ಏರಿಸಿದ್ದರು. ಸಸಿ ಸತ್ತು ಖಾಲಿ ಬಿದ್ದ ಗುಂಡಿಗೆಲ್ಲ ಅವತ್ತೇ ಸರ್ವೆ ಸಸಿ ಇಟ್ಟು ನೀರು ಹುಯ್ದಿದ್ದರು. ಯಾವುದು ಅಂತ ಗುರುತು ಹಿಡಿಯಲಿ? ಕತ್ತಲಾಗುವವರೆಗೆ ಸಾಲು ಸಾಲು ತಿರುಗಿ ಬಂದೆ.

ನಿನಗೆ ಹೇಗೆ ಹೇಳಲಿ ರತ್ನ? ಹೇಳಿದ್ದರೆ ನೀನು ಉಳಿಯುತ್ತಿರಲಿಲ್ಲ. ಹೇಳದೆ ನಿನ್ನ ಜೊತೆ ಒಂದೇ ಮನೆಯಲ್ಲಿ ಬಾಳಲು ನನ್ನ ಕೈಯಲ್ಲಿ ಆಗಲಿಲ್ಲ. ನೀನು ಕೈ ಚಾಚಿ ಅನ್ನ ಬಡಿಸಿದಾಗಲೆಲ್ಲ ಆ ಅಂಗೈ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ವರ್ಗ ಕೇಳಿಕೊಂಡು ಇಷ್ಟು ದೂರ ಬಂದೆ. ನಿನ್ನ ಮೇಲೆ ಬೇಸರವಾಗಿ ಬಂದದ್ದಲ್ಲ. ಬೈಯಲಾದರೂ ಒಂದು ಸಾಲು ಬರೆ.

ರಾಮಾಂಜಿ


ಕಾವಲುಪಾಳ್ಯ
೧೪-೧೧-೧೯೭೨

ಯಜಮಾನರಿಗೆ ನಮಸ್ಕಾರ.

ನಿಮ್ಮ ಕಾಗದಗಳೆಲ್ಲ ಬಂದಿವೆ. ನಿಮ್ಮ ಮೇಲೆ ಸಿಟ್ಟಿಲ್ಲ. ಬರೆಯಲು ಕೈ ಬರಲಿಲ್ಲ, ಅಷ್ಟೇ.

ಮುನಿವೆಂಕಟಮ್ಮನಿಗೆ ಎಲ್ಲ ನೆನಪಿತ್ತು. "ನೀನೇ ಅಲ್ವೇನೇ, ಎರಡೂ ಕೈಲಿ ಹಿಡ್ಕೊಂಡು ಜಗ್ಗಿದ್ದು? ದೇವ್ರ ಮರ, ಬಿಡೇ ಅಂದೆ ನಾನು. ಮೇಸ್ತ್ರಿ ಬಯ್ತಾನೆ ಅಂದೆ ನೀನು" ಎಂದಳು. ಯಾಕೆ ಕೇಳುತ್ತಿದ್ದೀಯಾ ಅಂದಳು. ಸುಮ್ಮನೆ ಎಂದೆ. ಜಾಗ ಕೇಳಿದ್ದಕ್ಕೆ, ಅಷ್ಟು ದೊಡ್ಡ ತೋಪಿನಲ್ಲಿ ಎಲ್ಲಿ ಅಂತ ಹೇಳಲಿ ಎಂದಳು. ಎದ್ದು ಬಂದೆ. ನನಗೂ ನೆನಪಿಲ್ಲ. ಬೇರು ಕಿತ್ತುಬಂದಾಗ ಹಿಂದಕ್ಕೆ ಕೂತುಬಿದ್ದದ್ದು, ಎಲ್ಲರೂ ನಕ್ಕದ್ದು, ನಾನೂ ನಕ್ಕದ್ದು ಮಾತ್ರ ನೆನಪಿದೆ.

ನೀವು ಆಡು ಅಂದಿರಿ. ನಾನೆಂಬ ಆ ಆಡನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿರಿ.

ಕೆರೆ ಕಡೆಯೂ ಸಾಲು ಮುರಿದರು. ಉಯ್ಯಾಲೆ, ಜಾರುಬಂಡೆ ಎಲ್ಲ ಅಲ್ಲೇ ಹಾಕಿದ್ದಾರೆ. ಹೂವಿನ ಪಾತಿಯಲ್ಲಿ ಕಳೆ ಕೀಳಲು ಹೆಂಗಸರು ಬೇಕು ಎಂದು ಪಿಳ್ಳಣ್ಣ ಕರೆದ. ಬರುವುದಿಲ್ಲ ಎಂದೆ. ಅತ್ತೆಗೆ ಚಳಿಗೆ ಮಂಡಿ ನೋವು ಜಾಸ್ತಿಯಾಗಿದೆ, ಹರಳೆಣ್ಣೆ ಹಚ್ಚುತ್ತಿದ್ದೇನೆ.

ಮುನಿರತ್ನಮ್ಮ


ಕಾವಲುಪಾಳ್ಯ
೨೨-೧-೧೯೭೩

ಯಜಮಾನರಿಗೆ ನಿಮ್ಮ ರತ್ನ ಮಾಡುವ ನಮಸ್ಕಾರಗಳು.

ಉದ್ಯಾನ ತೆರೆದು ಎರಡು ವಾರವಾಯಿತು. ನಿನ್ನೆ ಭಾನುವಾರ ನಾನೂ ಹೋದೆ. ಯಾಕೆ ಹೋದೆನೋ, ಕಾಲು ತಾನಾಗೇ ಆ ಕಡೆಗೆ ತಿರುಗಿತು. ನಮ್ಮ ತೋಪು ಎಂದು ನಿಮಗೇ ಗೊತ್ತಾಗುವುದಿಲ್ಲ. ಬೆಂಗಳೂರಿನಿಂದ ಎರಡು ಬಸ್ಸು ಬಂದಿತ್ತು. ದೊಡ್ಡಬಳ್ಳಾಪುರದ ಮಗ್ಗದವರು, ಕಾಲೇಜು ಹುಡುಗರು, ಹೊಸದಾಗಿ ಮದುವೆಯಾದವರು, ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು. "ಕಾಡು ಎಷ್ಟು ಚೆನ್ನಾಗಿದೆ ಅಲ್ವಾ" ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಕೆರೆ ಕಡೆಯ ಕಲ್ಲುಬೆಂಚಿನ ಮೇಲೆ ಕೂತೆ. ಒಂದು ಚಿಕ್ಕ ಹುಡುಗಿ ಉದುರಿದ ಸರ್ವೆ ಕಾಯಿ ಆಯ್ದು ಆಯ್ದು ಮಡಿಲು ತುಂಬಿಕೊಳ್ಳುತ್ತಿದ್ದಳು. ಅಷ್ಟೇ ನೋಡಿ. ಅಳು ಬಂದುಬಿಟ್ಟಿತು. ಸೆರಗು ಬಾಯಿಗಿಟ್ಟರೂ ನಿಲ್ಲಲಿಲ್ಲ. ಆ ವರ್ಷ ಅಳಬೇಕಾಗಿದ್ದ ಅಳುವೆಲ್ಲ ಅಷ್ಟು ಜನರ ಮುಂದೆ ಬಂತು.

ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಸಿಟಿಯ ಹೆಂಗಸೊಬ್ಬರು ಎದ್ದು ಬಂದರು. "ಯಾಕಮ್ಮಾ, ಏನಾಯ್ತು?" ಎಂದು ಭುಜ ಹಿಡಿದುಕೊಂಡರು. ನಾನು ಇದ್ದದ್ದನ್ನೇ ಹೇಳಿದೆ.

"ನನ್ ಮಗಳು ಇಲ್ಲೇ ಎಲ್ಲೋ ಇದ್ದಾಳೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ."

"ಅಯ್ಯೋ! ಎಷ್ಟು ವರ್ಷದ ಮಗು?"

"ಮೂರು ವರ್ಷ."

"ಹೆಸರೇನಮ್ಮಾ?"

"ಮುತ್ತು."

ಆಕೆ ತಮ್ಮ ಯಜಮಾನರನ್ನು ಕೂಗಿದರು. "ಏನ್ರೀ, ಮಗು ತಪ್ಪಿಸಿಕೊಂಡಿದೆಯಂತೆ, ಕೆರೆ ಬೇರೆ ಇದೆ, ಬೇಗ ಬನ್ನಿ!" ಅಷ್ಟು ಹೇಳಿದ್ದೇ ತಡ, ಉದ್ಯಾನವೆಲ್ಲ ಎದ್ದು ನಿಂತಿತು. ಕಾಲೇಜು ಹುಡುಗರು ಕೆರೆ ಏರಿ ಕಡೆ ಓಡಿದರು. ಕಾವಲಿನವನು ಪೀಪಿ ಊದಿದ. ಒಬ್ಬ ಮುದುಕರು ಊರುಗೋಲಿನಿಂದ ಪೊದೆ ಪೊದೆ ಸರಿಸಿ ನೋಡಿದರು. ಉಣ್ಣುತ್ತಿದ್ದವರು ಕೈ ತೊಳೆಯದೆ ಬಂದರು. ಎಲ್ಲ ಕಡೆಯಿಂದ ಕೂಗು. "ಮುತ್ತೂ! ಮುತ್ತಮ್ಮಾ! ಎಲ್ಲಿದ್ದೀಯಮ್ಮಾ?" ರಸ್ತೆ ಕಡೆಯಿಂದ ಗಂಡಸರ ದನಿ, ಏರಿ ಕಡೆಯಿಂದ ಹುಡುಗರ ದನಿ.

ನಾನು ತಡೆಯಬೇಕಾಗಿತ್ತು. ತಡೆಯಲಿಲ್ಲ. ಅಮ್ಮ ಬಂದ ಮನೆಯಲ್ಲಿ ಹೋದವರ ಹೆಸರು ಹಿಡಿದು ಕೂಗಬಾರದು ಎಂದು ಅತ್ತೆ ಹೇಳಿದ್ದರು. ಆಮೇಲೆ ಅದೇ ರೂಢಿಯಾಗಿಹೋಯಿತು. ನಮ್ಮ ಮನೆಯಲ್ಲಿ ಯಾರೂ ಅವಳನ್ನು ಕರೆದಿಲ್ಲ, ನಾನೂ ಕರೆದಿಲ್ಲ, ನೀವೂ ಕರೆದಿಲ್ಲ. ಗುರುತು ಪರಿಚಯ ಇಲ್ಲದ ಜನ ಬಾಯಿ ತುಂಬ ಕರೆಯುತ್ತಿದ್ದರೆ ಹೇಗೆ ತಡೆಯಲಿ ಹೇಳಿ? ನಾನೂ ಎದ್ದು ನಿಂತು ಗಂಟಲು ಬಿರಿಯುವಷ್ಟು ಕೂಗಿದೆ. ಅವಳು ಎಲ್ಲೇ ಇರಲಿ, ಕೇಳಿಸಿರಬೇಕು.

ಪಿಳ್ಳಣ್ಣ ಓಡಿಬಂದ. ನನ್ನ ಮುಖ ನೋಡಿದವನಿಗೆ ಅರ್ಥವಾಯಿತು. ಅವರನ್ನು ಪಕ್ಕಕ್ಕೆ ಕರೆದು ಏನು ಹೇಳಿದನೋ, ಒಬ್ಬೊಬ್ಬರೇ ಸುಮ್ಮನಾದರು. ಯಾರೂ ನನ್ನನ್ನು ಬೈಯಲಿಲ್ಲ. ಆ ಹೆಂಗಸು ತಿರುಗಿ ಬಂದು ನನ್ನ ಪಕ್ಕದಲ್ಲಿ ಕೂತು, ಅವರ ಬಸ್ಸು ಹೊರಡುವವರೆಗೆ ನನ್ನ ಕೈ ಹಿಡಿದುಕೊಂಡಿದ್ದರು.

ಜಾಗ ಎಲ್ಲಿ ಎಂದು ಇನ್ನು ನಿಮ್ಮನ್ನು ಕೇಳುವುದಿಲ್ಲ. ಮನೆಗೆ ಬನ್ನಿ. ನನ್ನ ಕೈ ನೋಡಲು ನಿಮಗೆ ಕಷ್ಟವಾದರೆ ಅತ್ತೆ ಬಡಿಸುತ್ತಾರೆ.

ಅದಕ್ಕೆ ಮೊದಲು ಒಂದು ವಿಷಯ ಬರೆದು ಹಾಕಿ. ಹುಡುಕಲು ಹೊರಡುವಾಗ ಒಬ್ಬ ಹುಡುಗ ತಿರುಗಿ ನಿಂತು "ಯಾವ ಬಣ್ಣದ ಬಟ್ಟೆ ಹಾಕಿದ್ದಾಳಮ್ಮಾ?" ಎಂದು ಕೇಳಿದ. ನನಗೆ ಹೇಳಲು ಗೊತ್ತಾಗಲಿಲ್ಲ. ಹೆತ್ತ ತಾಯಿಗೆ ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ ಅವನು ನೋಡಿದ. ಆ ದಿನ ಅವಳಿಗೆ ಏನು ಹಾಕಿದ್ದಿರಿ?

ನಿಮ್ಮ,
ಮುನಿರತ್ನ